ಪಾವಾಯ್ ಚರ್ಚಿನ ಗೋಡೆಗೆ ಆನೆಕಾಲು ಯಾಕೆ?

ಪ್ರಶ್ನೆ: ಮಗಳು ಮನಿಲಾದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದಾಗ ಫಿಲಿಪ್ಪೀನ್ಸ್‌ನ ಉತ್ತರದಲ್ಲಿರುವ ಪಾವಾಯ್ ಎಂಬ ಊರಿನ ಹಳೆ ಸ್ಪ್ಯಾನಿಷ್ ಚರ್ಚ್ ನೋಡಿಕೊಂಡು ಬಂದೆವು. ನಾವು ಮಂಗಳೂರಿನವರು, ಗೋವಾದ ಇಗರ್ಜಿಗಳು ನಮಗೆ ಹೊಸದಲ್ಲ. ಆದರೆ ಇದು ಬೇರೆಯೇ ತರಹ. ಗೋಡೆಯ ಉದ್ದಕ್ಕೂ ಆನೆಕಾಲಿನಂಥ ದಪ್ಪ ಕಟ್ಟೋಣ, ಗಂಟೆ ಗೋಪುರ ಮಾತ್ರ ದೂರದಲ್ಲಿ ಒಂಟಿಯಾಗಿ ನಿಂತಿದೆ. ಮೇಲಿನ ತುದಿಗಳು ದೇವಸ್ಥಾನದ ಶಿಖರದ ಹಾಗಿವೆ. ಗೈಡ್ 'ಇದು ಬೊರೊಬುದೂರ್ ಶೈಲಿ' ಅಂದ. ಅಲ್ಲಿ ಮೊದಲು ದೇವಸ್ಥಾನ ಇತ್ತೇ? ಗಾರೆಗೆ ಕಬ್ಬಿನ ಹಾಲು ಹಾಕಿದ್ದರಂತೆ, ನಿಜವೇ? ಗೋವಾದ ಚರ್ಚ್‌ಗಳ ಹಾಗೆ ಇದು ಯಾಕಿಲ್ಲ?

ಉತ್ತರ: ದೇವಸ್ಥಾನದ ಮಾತನ್ನು ಮೊದಲು ಮುಗಿಸಿಬಿಡೋಣ. ಅಲ್ಲಿ ದೇವಸ್ಥಾನ ಇತ್ತು ಅನ್ನುವುದಕ್ಕೆ ಆಧಾರ ಇಲ್ಲ. 2000ದಲ್ಲಿ ಚರ್ಚಿನೊಳಗೆ ಅಗೆದಾಗ ಬಹಳ ಹಳೆಯ ಕಾಲದ ಒಂದು ಅಸ್ಥಿಪಂಜರವೂ ಮಡಕೆ ಚೂರುಗಳೂ ಸಿಕ್ಕಿವೆ. ಪಾವಾಯ್ ನೋಡಿ ಬೊರೊಬುದೂರ್ ನೆನಪಾಯಿತು ಅಂತ ಬರೆದವರು ಎಷ್ಟೋ ಜನ ಇದ್ದಾರೆ. ನಿಮ್ಮ ಗೈಡ್ ಅದನ್ನೇ ಹೇಳಿದ್ದಾನೆ. ಆದರೆ ಪಾವಾಯ್ ಚರ್ಚ್ ಶುರುವಾಗಿದ್ದು 1694ರಲ್ಲಿ. ಆಗ ಜಾವಾದ ಬೊರೊಬುದೂರ್ ಕಾಡು ಬೆಳೆದು, ಬೂದಿ ಕವಿದು ಮುಚ್ಚಿಹೋಗಿತ್ತು. ಅದು ಮತ್ತೆ ಹೊರಜಗತ್ತಿನ ಕಣ್ಣಿಗೆ ಬಿದ್ದದ್ದು 1814ರಲ್ಲಿ. ಪಾವಾಯ್ ಇರುವ ಇಲೊಕೋಸ್ ಸೀಮೆಯ ಮೇಸ್ತ್ರಿ ಅದನ್ನು ನೋಡಿ ಕಟ್ಟುವ ಮಾತೇ ಇಲ್ಲ ಅಲ್ವಾ? ಮೇಲಾಗಿ ಅದು ಬೌದ್ಧರ ಸ್ತೂಪ.

ಭಾರತದ ಗಾಳಿ ಆ ದ್ವೀಪಗಳಿಗೆ ಬೀಸಿಯೇ ಇರಲಿಲ್ಲ ಅಂತ ಇದರ ಅರ್ಥ ಅಲ್ಲ. ಮನಿಲಾ ಹತ್ತಿರದ ಲಗುನಾದಲ್ಲಿ 1989ರಲ್ಲಿ ಒಂದು ತಾಮ್ರದ ಹಾಳೆ ಸಿಕ್ಕಿತು. ಸಾಲ ತೀರಿದ್ದಕ್ಕೆ ಬರೆದುಕೊಟ್ಟ ಪತ್ರ ಅದು. ಅದರಲ್ಲಿ ಶಕವರ್ಷ 822, ವೈಶಾಖ ಮಾಸ ಅಂತ ಇದೆ. ಅಂದರೆ ಕ್ರಿ.ಶ. 900. ಇವತ್ತಿಗೂ ಟಗಾಲೊಗ್ ಭಾಷೆಯಲ್ಲಿ ಮೇಷ್ಟ್ರಿಗೆ 'ಗುರೊ', ಮುಖಕ್ಕೆ 'ಮುಖಾ' ಅನ್ನುತ್ತಾರೆ. ಮಗಳನ್ನು ಕೇಳಿ ನೋಡಿ. ಈ ನೆಂಟಸ್ತನ ಮಲಯ, ಜಾವಾ ಕಡೆಯಿಂದ ಮಾತಿನ ಜೊತೆ ಬಂದದ್ದು. ನೀವು ನೋಡಿದ ಕಲ್ಲುಕಟ್ಟಡಕ್ಕೆ ಅದು ಕಾರಣ ಅಲ್ಲ.

ಹಾಗಾದರೆ ಆ ರೂಪ ಎಲ್ಲಿಂದ ಬಂತು? ನನ್ನ ಉತ್ತರ: ಅರ್ಧ ರೋಮ್‌ನಿಂದ, ಅರ್ಧ ಕಾಲ ಕೆಳಗಿನ ನೆಲದಿಂದ. ಇದನ್ನು ಹೇಳುವುದಕ್ಕೆ ಮುಂಚೆ ನಿಮ್ಮನ್ನು ಸ್ವಲ್ಪ ಹೊತ್ತು ಮನಿಲಾಕ್ಕೇ ವಾಪಸು ಕರೆದುಕೊಂಡು ಹೋಗಬೇಕು.

ಸ್ಪೇನ್‌ನವರು ಆ ದ್ವೀಪಗಳಲ್ಲಿ ನೆಲೆಯೂರಿದ್ದು 1565ರಲ್ಲಿ, ಲೆಗಾಸ್ಪಿ ಎಂಬ ದಂಡನಾಯಕನ ಹಿಂದೆ. ಅವನ ಜೊತೆ ಬಂದವರು ಸಂತ ಅಗಸ್ಟಿನ್ ಸಭೆಯ ಪಾದ್ರಿಗಳು. 1571ರಲ್ಲಿ ಮನಿಲಾ ರಾಜಧಾನಿಯಾಯಿತು. ಪಾದ್ರಿಗಳು ಕೋಟೆಯೊಳಗೆ ಬಿದಿರು ಮತ್ತು ನಿಪಾ ಎಂಬ ತಾಳೆ ಜಾತಿಯ ಗಿಡದ ಗರಿಯ ಚರ್ಚ್ ಕಟ್ಟಿದರು. ಮೂರೇ ವರ್ಷ. 1574ರಲ್ಲಿ ಲಿಮಹೊಂಗ್ ಎಂಬ ಚೀನೀ ಕಡಲ್ಗಳ್ಳ ದಾಳಿ ಮಾಡಿದಾಗ ಅದು ಸುಟ್ಟುಹೋಯಿತು. ಮತ್ತೆ ಮರದಲ್ಲಿ ಕಟ್ಟಿದರು. 1583ರಲ್ಲಿ ಗವರ್ನರ್ ರೊಂಕಿಯೊ ತೀರಿಕೊಂಡ. ಅವನ ಶವಪೆಟ್ಟಿಗೆಯ ಸುತ್ತ ಹಚ್ಚಿಟ್ಟ ಮೇಣದಬತ್ತಿಯೊಂದು ಅಲಂಕಾರದ ಬಟ್ಟೆಗೆ ತಗುಲಿತು. ಚರ್ಚ್ ಹೋಯಿತು, ಅದರ ಜೊತೆ ಊರಿನ ದೊಡ್ಡ ಭಾಗವೂ ಬೂದಿಯಾಯಿತು.

ಆಮೇಲೆ ಅವರಿಗೆ ಸಾಕಾಯಿತು. ಇನ್ನು ಕಲ್ಲೇ ಸರಿ ಅಂತ 1586ರಲ್ಲಿ ಹುವಾನ್ ಮಸಿಯಾಸ್ ಎಂಬವನ ನಕ್ಷೆಯಲ್ಲಿ ಕೆಲಸ ಶುರು ಮಾಡಿ 1607ರಲ್ಲಿ ಮುಗಿಸಿದರು. ಅದೇ ಇವತ್ತಿನ ಸಾನ್ ಅಗುಸ್ಟಿನ್ ಚರ್ಚ್. ಅದರ ಕಲ್ಲನ್ನು ಅಲ್ಲಿನವರು 'ಅಡೋಬೆ' ಅನ್ನುತ್ತಾರೆ. ಹೆಸರು ಕೇಳಿ ಹಸಿ ಇಟ್ಟಿಗೆ ಅಂದುಕೊಳ್ಳಬೇಡಿ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದು ಕಲ್ಲು ಅದು. ನಮ್ಮ ಮುರಕಲ್ಲಿನ ಹಾಗೆ ಕಡಿದು ತೆಗೆಯುವುದು ಸುಲಭ.

ಕಲ್ಲಿಗೆ ಬೆಂಕಿ ಹೆದರಿಕೆ ಇಲ್ಲ, ಸರಿ. ಆದರೆ ಫಿಲಿಪ್ಪೀನ್ಸ್ ಕೂತಿರುವುದು ಭೂಮಿಯ ಫಲಕಗಳು ಒಂದಕ್ಕೊಂದು ತಿಕ್ಕುವ ಜಾಗದಲ್ಲಿ. ಬಿದಿರು ಬಾಗುತ್ತದೆ, ಮರ ಕಿರುಗುಟ್ಟುತ್ತದೆ, ಕಲ್ಲು ಬೀಳುತ್ತದೆ. 1645ರ ನವೆಂಬರ್ 30ರ ರಾತ್ರಿ ಮನಿಲಾ ನಡುಗಿತು. ಕನಿಷ್ಠ 600 ಜನ ಸತ್ತರು, ಕೆಥೆಡ್ರಲ್ ಬಿತ್ತು. ಸ್ಪೇನ್‌ನವರು ತಮ್ಮ ಊರಿನ ನೆನಪಲ್ಲಿ ಕಟ್ಟಿಸಿದ್ದ ಎತ್ತರದ ಕಲ್ಲುಮನೆಗಳು ಬಿದ್ದವು. ಆಮೇಲೆ ಮನೆ ಕಟ್ಟುವ ರೀತಿಯೇ ಬದಲಾಯಿತು. ಕೆಳಗೆ ಕಲ್ಲು, ಮೇಲೆ ಮರ. ಚರ್ಚ್‌ಗಳು ಕುಳ್ಳಾದವು, ದಪ್ಪಗಾದವು. ಇದಕ್ಕೆ ಕಲಾ ಇತಿಹಾಸದಲ್ಲಿ ಇಟ್ಟಿರುವ ಹೆಸರು 'ಭೂಕಂಪದ ಬರೋಕ್'. ಬರೋಕ್ ಅಂದರೆ ಆಗಿನ ಯುರೋಪಿನ ಅಲಂಕಾರ ತುಂಬಿದ ಕಟ್ಟಡ ಶೈಲಿ. ಸ್ಪೇನ್‌ನ ಅದೇ ಸಾಮ್ರಾಜ್ಯದ ಇನ್ನೊಂದು ತುದಿ, ಗ್ವಾಟೆಮಾಲಾದ ಆಂಟಿಗುವಾದಲ್ಲೂ ಇದೇ ಕಥೆ. ಅಲ್ಲಿನ ಲಾ ಮೆರ್ಸೆದ್ ಚರ್ಚಿನ ಗೋಪುರಗಳು ಕುತ್ತಿಗೆಯೇ ಇಲ್ಲದವರ ಹಾಗೆ ಮೋಟಾಗಿವೆ. 1773ರ ಭೂಕಂಪದಲ್ಲಿ ಊರು ನೆಲಕ್ಕೆ ಬಿದ್ದರೂ ಅದು ನಿಂತಿತು.

ಮನಿಲಾದ ಸಾನ್ ಅಗುಸ್ಟಿನ್ 1645ನ್ನೂ ದಾಟಿತು. 1863ರ ಜೂನ್ 3ರಂದು ಬಂದ ಭೂಕಂಪದಲ್ಲಿ ಕೆಥೆಡ್ರಲ್ ಮತ್ತೆ ಕುಸಿದು, ಒಳಗಿದ್ದ ಪಾದ್ರಿ ಪೆದ್ರೊ ಪೆಲಾಯೆಸ್ ಸೇರಿ ಹಲವರು ಸತ್ತರು. ಸಾನ್ ಅಗುಸ್ಟಿನ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. 1880ರ ಜುಲೈನಲ್ಲಿ ಎಡ ಗೋಪುರ ಸೀಳಿತು. ಕೊನೆಗೆ ಅದನ್ನು ಇಳಿಸಬೇಕಾಯಿತು. ಆ ಚರ್ಚ್ ಈಗಲೂ ಒಂದು ಕೊಂಬು ಮುರಿದ ಎತ್ತಿನ ಹಾಗೆ ಒಂದೇ ಗೋಪುರದಲ್ಲಿ ನಿಂತಿದೆ. ಮಗಳ ಊರಿನಲ್ಲೇ ಇದೆ, ನೋಡಿಲ್ಲದಿದ್ದರೆ ನೋಡಿ. ಒಳಗೆ ಹೋದರೆ ಅದರ ಗುಟ್ಟು ಗೊತ್ತಾಗುತ್ತದೆ. ಸುಮಾರು ಒಂದೂವರೆ ಮೀಟರ್ ದಪ್ಪದ ಗೋಡೆ, ಮೇಲೆ ಕಲ್ಲಿನ ಕಮಾನು ಛಾವಣಿ, ಎರಡೂ ಬದಿಗೆ ಸಾಲಾಗಿ ಚಿಕ್ಕ ಚಿಕ್ಕ ಪ್ರಾರ್ಥನಾ ಕೋಣೆಗಳು. ಆ ಕೋಣೆಗಳ ನಡುವಿನ ಅಡ್ಡಗೋಡೆಗಳೇ ಮುಖ್ಯ ಗೋಡೆಯನ್ನು ಎರಡೂ ಕಡೆಯಿಂದ ಒತ್ತಿ ಹಿಡಿದಿವೆ. ಆಸರೆ ಒಳಗೇ ಇದೆ, ಹೊರಗಿನಿಂದ ಕಾಣುವುದಿಲ್ಲ. ಛಾವಣಿಯ ಮೇಲೆ ಕೆತ್ತನೆಯಂತೆ ಕಾಣುವುದೆಲ್ಲ ಬರೀ ಬಣ್ಣ. 1875ರಲ್ಲಿ ಇಬ್ಬರು ಇಟಲಿಯವರು ಕಣ್ಣಿಗೆ ಮೋಸ ಆಗುವಂತೆ ಬರೆದದ್ದು. ನಿಮ್ಮೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲೂ ಇಟಲಿಯ ಮೊಸ್ಕೇನಿಯ ಕೈಚಳಕ ಇದೆಯಲ್ಲ, ಸ್ವಲ್ಪ ಅದೇ ಬಗೆ.

ಈಗ ಪಾವಾಯ್‌ಗೆ ಬರೋಣ. ಇಲ್ಲಿ ಬದಿ ಕೋಣೆಗಳಿಲ್ಲ, ಒಂದೇ ಉದ್ದನೆಯ ಹಜಾರ. ನಮ್ಮ ಮನೆಗಳಲ್ಲಿ ಹತ್ತು ಹನ್ನೆರಡು ಅಡಿಗೊಂದು ಅಡ್ಡಗೋಡೆ ಬರುತ್ತದೆ, ಉದ್ದ ಗೋಡೆಯನ್ನು ಅದು ಹಿಡಿದುಕೊಳ್ಳುತ್ತದೆ. ಚರ್ಚಿಗೆ ಆ ಸೌಕರ್ಯ ಇಲ್ಲ. ಒಂದು ಮದುವೆ ಕಾಗದ ತೆಗೆದುಕೊಂಡು, ಬಿಡಿ ಹಾಳೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಲು ನೋಡಿ. ನಿಲ್ಲುವುದಿಲ್ಲ. ಅದನ್ನೇ ಮಡಚಿ, ಸ್ವಲ್ಪ ತೆರೆದು ನಿಲ್ಲಿಸಿ. ಮೇಜು ಅಲ್ಲಾಡಿಸಿದರೂ ನಿಲ್ಲುತ್ತದೆ. ನೀವು ಆನೆಕಾಲು ಅಂದಿರಲ್ಲ, ಅದು ಆ ಮಡಿಕೆ. ಇಂಜಿನಿಯರುಗಳು ಬಟ್ರೆಸ್ ಅನ್ನುತ್ತಾರೆ, ಆಸರೆ ಗೋಡೆ ಅನ್ನಬಹುದು. ಭೂಮಿ ಅಡ್ಡಡ್ಡ ಎಳೆದಾಗ ಉದ್ದ ಗೋಡೆ ಹೊರಗೆ ವಾಲುತ್ತದೆ. ವಾಲುವ ದಿಕ್ಕಿಗೇ ಒಂದು ಭಾರವಾದ ಕಾಲು ಚಾಚಿದ್ದರೆ ಬೀಳುವುದು ಕಷ್ಟ. ಪಾವಾಯ್‌ನಲ್ಲಿ ಬದಿ, ಹಿಂಭಾಗ ಎಲ್ಲ ಸೇರಿ 24 ಆಸರೆಗಳಿವೆ. ಒಂದೊಂದೂ 1.67 ಮೀಟರ್ ದಪ್ಪ. ಗೋಡೆಯ ನಡುಮಧ್ಯದ ಎರಡು ಆಸರೆಗಳಿಗೆ ಮೆಟ್ಟಿಲು ಇದೆ, ಗಮನಿಸಿದಿರಾ? ಛಾವಣಿ ದುರಸ್ತಿಗೆ ಹತ್ತಲು ಅಂತ ಮಾಡಿದ್ದು. ಏಣಿಯ ಖರ್ಚೂ ಉಳಿಯಿತು.

ಮನಿಲಾದಲ್ಲಿ ಇರುವಂಥ ಕಲ್ಲಿನ ಕಮಾನು ಛಾವಣಿ ಪಾವಾಯ್‌ಗೆ ಇಲ್ಲ. ಮೇಲಿರುವುದು ಹಗುರ ಛಾವಣಿ, ಈಗ ತಗಡು. ಇದೂ ಬುದ್ಧಿವಂತಿಕೆಯೇ. ತಲೆ ಮೇಲೆ ಭಾರ ಕಮ್ಮಿ ಇದ್ದಷ್ಟೂ ನಡುಕ ಕಮ್ಮಿ.

ಇನ್ನು ನಿಮಗೆ ಶಿಖರ ಅನ್ನಿಸಿದ್ದು. ಆ ಆಸರೆಗಳನ್ನು ಪಕ್ಕದಿಂದ ನೋಡಿದ ಫೋಟೊ ಇದ್ದರೆ ತೆಗೆಯಿರಿ. ಕೆಳಗೊಂದು ದೊಡ್ಡ ಸುರುಳಿ, ಅದರ ಮೇಲೆ ಕೂತ ಇನ್ನೊಂದು ಚಿಕ್ಕ ಸುರುಳಿ, ತುದಿಯಲ್ಲಿ ಪಿರಮಿಡ್ ಆಕಾರದ ಕಲ್ಲು. ಈ ಸುರುಳಿಯನ್ನು ನೀವು ಹಳೆ ಗೋವಾದಲ್ಲಿ ಖಂಡಿತ ನೋಡಿದ್ದೀರಿ. ಬೋಮ್ ಜೀಸಸ್ ಬೆಸಿಲಿಕಾದ ಮುಂದೆ ನಿಂತು ತಲೆ ಎತ್ತಿ. ಕೆಳಗಿನ ಅಂತಸ್ತುಗಳು ಅಗಲ, ತುದಿಯ ಭಾಗ ಕಿರಿದು. ನಡುವೆ ಹೆಗಲು ಖಾಲಿ ಕಾಣಬಾರದು ಅಂತ ಎರಡೂ ಕಡೆ ಸುರುಳಿ ಇಟ್ಟಿದ್ದಾರೆ. ಇಟಲಿಯಲ್ಲಿ ಹುಟ್ಟಿ, ರೋಮ್‌ನ ಜೆಸುಯಿಟ್ ಚರ್ಚಿನ ಮೂಲಕ ಪ್ರಪಂಚ ಸುತ್ತಿದ ಅಲಂಕಾರ ಅದು. ಪಾವಾಯ್‌ನ ಮೇಸ್ತ್ರಿ ಆ ಅಲಂಕಾರವನ್ನು ಹೆಗಲಿನಿಂದ ಇಳಿಸಿ, ಬಹಳ ದೊಡ್ಡದು ಮಾಡಿ, ಗೋಡೆಗೆ ಕಾಲಾಗಿ ಕೊಟ್ಟ. ಬೇರೆ ಕಡೆ ಸುಮ್ನೆ ಚಂದಕ್ಕೆ ಇದ್ದದ್ದು ಇಲ್ಲಿ ಭಾರ ಹೊರುತ್ತದೆ. ಇಡೀ ಕಟ್ಟಡದಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೊಂದೇ ಯೋಚನೆ. ಆ ಪುಣ್ಯಾತ್ಮ ಯಾರು ಅಂತ ಎಲ್ಲೂ ಬರೆದಿಲ್ಲ. ಕೆಲಸ ಶುರು ಮಾಡಿಸಿದ ಪಾದ್ರಿಯ ಹೆಸರು ಮಾತ್ರ ಉಳಿದಿದೆ, ಅಂಟೋನಿಯೊ ಎಸ್ತಾವಿಯೊ. 1710ರಲ್ಲಿ ಚರ್ಚ್ ಮುಗಿಯಿತು.

ಹೆಸರು ಉಳಿಯದವರ ಬಗ್ಗೆ ಒಂದು ಮಾತು. ಆಗ ಸ್ಪೇನ್ ಸರ್ಕಾರಕ್ಕೆ 'ಪೋಲೊ' ಅಂತ ಬಿಟ್ಟಿ ಚಾಕರಿಯ ಪದ್ಧತಿ ಇತ್ತು. 16ರಿಂದ 60 ವರ್ಷದ ಗಂಡಸರು ವರ್ಷಕ್ಕೆ 40 ದಿನ ದುಡಿಯಬೇಕು. ದುಡ್ಡಿದ್ದವರು ದುಡ್ಡು ಕಟ್ಟಿ ತಪ್ಪಿಸಿಕೊಳ್ಳುತ್ತಿದ್ದರು. ರಸ್ತೆ, ಹಡಗು, ಚರ್ಚ್ ಎಲ್ಲಕ್ಕೂ ಅದೇ ಕೈ. ಪಾದ್ರಿಗಳಲ್ಲಿ ಬಹಳ ಮಂದಿ ಶಿಲ್ಪ ಕಲಿತವರಲ್ಲ. ಊರಲ್ಲಿ ನೋಡಿದ್ದ ಚರ್ಚಿನ ನೆನಪು, ಒಂದೆರಡು ಚಿತ್ರ, ಅಷ್ಟೇ ಬಂಡವಾಳ. ಉಳಿದದ್ದು ಅಲ್ಲಿನ ಕೆಲಸಗಾರರು ಮತ್ತು ವಲಸೆ ಬಂದ ಚೀನೀ ಕುಶಲಕರ್ಮಿಗಳ ಕೈಗುಣ. ಅದಕ್ಕೇ ಮನಿಲಾದ ಸಾನ್ ಅಗುಸ್ಟಿನ್ ಅಂಗಳದಲ್ಲಿ ಚೀನೀ ಕಲ್ಲುಸಿಂಹಗಳು ಕೂತಿವೆ, ಪ್ರವಚನ ಪೀಠದ ಕೆತ್ತನೆಯಲ್ಲಿ ಅನಾನಸ್ ಇದೆ. ಇನ್ನೂ ಚಂದದ್ದು ಇಲೋಯಿಲೊ ಬಳಿಯ ಮಿಯಾಗಾವ್ ಚರ್ಚ್, 1797ರಲ್ಲಿ ಮುಗಿದದ್ದು. ಅದರ ಹಣೆಯ ಮೇಲೆ ಸಂತ ಕ್ರಿಸ್ಟೋಫರ್ ಬಾಲಯೇಸುವನ್ನು ಹೊತ್ತು ಹೊಳೆ ದಾಟುತ್ತಿದ್ದಾನೆ. ಊರುಗೋಲಿನ ಬದಲು ಹಿಡಿದಿರುವುದು ತೆಂಗಿನಮರ! ಪಕ್ಕದಲ್ಲಿ ಪಪಾಯಿ, ಸೀಬೆ ಗಿಡ. ಸಂತನ ಕಥೆಯನ್ನು ತಮ್ಮ ಹಿತ್ತಿಲಿಗೆ ತಂದುಕೊಂಡಿದ್ದಾರೆ.

ಕಬ್ಬಿನ ಹಾಲಿನ ಪ್ರಶ್ನೆ. ಪಾವಾಯ್‌ನವರು ಹೇಳುವುದು ಹೀಗೆ: ಸುಣ್ಣ, ಮರಳಿಗೆ ಕಬ್ಬಿನ ಹಾಲು ಸೇರಿಸಿ, ಮಾವಿನ ಎಲೆ, ಚರ್ಮ, ಭತ್ತದ ಹುಲ್ಲು ಹಾಕಿ ಕುದಿಸಿದ ರಸದಲ್ಲಿ ಗಾರೆ ಕಲಸಿದರು. ಪೂರ್ತಿ ಪಟ್ಟಿಗೆ ನಾನು ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ, ಆದರೆ ಇದು ಕಟ್ಟುಕಥೆ ಅನ್ನಿಸುವುದಿಲ್ಲ. ನಮ್ಮ ಕಡೆ ಹಳೆ ಮೇಸ್ತ್ರಿಗಳು ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುತ್ತಿರಲಿಲ್ಲವೇ? ಸಕ್ಕರೆ ಅಂಶ ಸೇರಿದರೆ ಸುಣ್ಣ ನೀರಲ್ಲಿ ಹೆಚ್ಚು ಕರಗುತ್ತದೆ, ಗಾರೆ ಮೆತ್ತಗಾಗಿ ಕರಣೆಗೆ ಒಗ್ಗುತ್ತದೆ, ನಿಧಾನವಾಗಿ ಗಟ್ಟಿಯಾಗುತ್ತದೆ. ಹುಲ್ಲಿನ ನಾರು ಬಿರುಕು ತಡೆಯುತ್ತದೆ. ಇಲೊಕೋಸ್‌ನಲ್ಲಂತೂ ಕಬ್ಬಿಗೆ ಬರ ಇರಲಿಲ್ಲ. ಕಬ್ಬಿನ ಹಾಲಿನಿಂದ 'ಬಾಸಿ' ಎಂಬ ಹೆಂಡ ಮಾಡುತ್ತಾರೆ. ಮನೆಯಲ್ಲಿ ಬಾಸಿ ಮಾಡಬಾರದು ಅಂತ ಸರ್ಕಾರ ಕಟ್ಟಪ್ಪಣೆ ಮಾಡಿದ್ದಕ್ಕೆ 1807ರಲ್ಲಿ ಅಲ್ಲಿ ದಂಗೆಯೇ ಎದ್ದಿತ್ತು.

ಸುಣ್ಣದ ಗಾರೆಗೆ ಇನ್ನೊಂದು ಗುಣ ಇದೆ. ಅದು ಸ್ವಲ್ಪ ಬಿಟ್ಟುಕೊಡುತ್ತದೆ, ಉಸಿರಾಡುತ್ತದೆ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಕರಾವಳಿಯ ಹಳೆ ಮನೆಯೊಂದರ ದುರಸ್ತಿಗೆ ಹೋಗಿದ್ದೆ. ಮುರಕಲ್ಲಿನ ಗೋಡೆಗೆ ಗುತ್ತಿಗೆದಾರ ಸಿಮೆಂಟ್ ಗಿಲಾವು ಹೊಡೆಸಿದ. ಗಟ್ಟಿಯಾದರೆ ಒಳ್ಳೆಯದೇ ಅಲ್ವಾ ಅಂತ ನಾನೂ ಸುಮ್ಮನಿದ್ದೆ. ಮೂರನೇ ಮಳೆಗಾಲಕ್ಕೆ ಗಿಲಾವು ಹಪ್ಪಳದ ಹಾಗೆ ಉಬ್ಬಿತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಒಂದು ಹಾಳೆ ಕಿತ್ತು ನೋಡಿದರೆ ಒಳಗಿನ ಕಲ್ಲು ಒದ್ದೆ, ಉಗುರು ತಾಗಿದರೆ ಪುಡಿ. ಗೋಡೆ ಕುಡಿದ ನೀರಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಇದಕ್ಕೆ ತದ್ವಿರುದ್ಧದ ತಪ್ಪೂ ಒಂದಿದೆ. ಫಿಲಿಪ್ಪೀನ್ಸ್‌ನ ಚರ್ಚ್‌ಗಳ ಹೊರಗೆ 'ಪಲಿತಾಡಾ' ಅಂತ ಸುಣ್ಣದ ಗಿಲಾವು ಇತ್ತು. 20ನೇ ಶತಮಾನದಲ್ಲಿ ಕಲ್ಲು ಕಂಡರೆ ಹಳೆಯದಾಗಿ ಚೆನ್ನಾಗಿ ಕಾಣುತ್ತದೆ ಅಂತ ಎಷ್ಟೋ ಕಡೆ ಅದನ್ನು ಕೆರೆದು ತೆಗೆದರು. ಮೆದು ಕಲ್ಲು ಮಳೆಗೆ ಬೆತ್ತಲಾಯಿತು. ನಗಬೇಡಿ, 1950ರ ದಶಕದಲ್ಲಿ ಬೋಮ್ ಜೀಸಸ್‌ಗೂ ಇದೇ ಗತಿಯಾಯಿತು. ನಾವೆಲ್ಲ ಫೋಟೊ ತೆಗೆಯುವ ಆ ಕೆಂಪು ಗೋಡೆ ಕಟ್ಟಿದವರಿಗೆ ಗೊತ್ತೇ ಇರಲಿಲ್ಲ. ಅವರ ಕಾಲದಲ್ಲಿ ಅದು ಬೆಳ್ಳಗಿತ್ತು.

ಗೋವಾದ ಮಾತು ಬಂತು. ಗೋವಾ ಪೋರ್ಚುಗೀಸರದು, ಮನಿಲಾ ಸ್ಪೇನ್‌ನವರದು. ಆದರೂ 1580ರಿಂದ 1640ರವರೆಗೆ ಎರಡು ದೇಶಕ್ಕೂ ಒಬ್ಬನೇ ರಾಜ. ಹಳೆ ಗೋವಾದಲ್ಲಿ ಬೋಮ್ ಜೀಸಸ್‌ನಿಂದ ಸ್ವಲ್ಪ ದೂರ ಗುಡ್ಡ ಹತ್ತಿದರೆ ಅರ್ಧ ಸೀಳಿದ ಎತ್ತರದ ಗೋಪುರ ಇದೆಯಲ್ಲ, ಸಂತ ಅಗಸ್ಟಿನ್ ಗೋಪುರ? ಅದನ್ನು ಕಟ್ಟಿದ್ದೂ ಇದೇ ಅಗಸ್ಟಿನ್ ಸಭೆಯವರು. 1602ರ ಚರ್ಚ್ ಅದು. ಹೆಚ್ಚುಕಡಿಮೆ ಮನಿಲಾದ ಸಾನ್ ಅಗುಸ್ಟಿನ್‌ನ ಓರಗೆ. ಅವರು ಗೋವಾದಲ್ಲಿ ಗೋಪುರವನ್ನು ಸುಮಾರು 46 ಮೀಟರ್ ಏರಿಸಿದರು. ಗೋವಾದ ನೆಲ ಗಟ್ಟಿ, ಅಲುಗಾಡುವುದು ಕಮ್ಮಿ. ಅಲ್ಲಿ ಹೆದರಬೇಕಾದದ್ದು ಮಳೆಗೆ. 1835ರಲ್ಲಿ ಪೋರ್ಚುಗೀಸ್ ಸರ್ಕಾರ ಸಭೆಯವರನ್ನು ಹೊರಹಾಕಿತು. ಸುಣ್ಣ ಹೊಡೆಯುವವರಿಲ್ಲ, ಹೆಂಚು ಕೈಯಾಡುವವರಿಲ್ಲ. ಏಳೇ ವರ್ಷಕ್ಕೆ, 1842ರಲ್ಲಿ, ಕಮಾನು ಛಾವಣಿ ಕುಸಿಯಿತು. 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಬಿದ್ದವು. ನಡುಗುವ ನೆಲದ ಚರ್ಚ್ ನಿಂತಿತು, ನಡುಗದ ನೆಲದ್ದು ಬಿತ್ತು. ವರ್ಷಾವರ್ಷ ಛಾವಣಿ ಹತ್ತಿ ನೋಡುವವರು ಒಂದು ಕಡೆ ಇದ್ದರು, ಇನ್ನೊಂದು ಕಡೆ ಇರಲಿಲ್ಲ.

ಹಾಗಂತ ದಪ್ಪ ಗೋಡೆ ಇದ್ದರೆ ಏನೂ ಆಗುವುದಿಲ್ಲ ಅಂತಲ್ಲ. ಪಾವಾಯ್‌ಗೇ 1865, 1885ರ ಭೂಕಂಪಗಳಲ್ಲಿ ಪೆಟ್ಟಾಗಿದೆ. 2013ರ ಅಕ್ಟೋಬರ್ 15ರಂದು ಬೊಹೊಲ್ ದ್ವೀಪದಲ್ಲಿ 7.2ರ ಭೂಕಂಪ ಆದಾಗ ಲೂನ್, ಮರಿಬೊಹೊಕ್ ಊರಿನ ಹಳೆ ಚರ್ಚ್‌ಗಳು ಕಲ್ಲಿನ ರಾಶಿಯಾದವು. ಮನುಷ್ಯರ ಕಾಟ ಬೇರೆ. 1762ರಲ್ಲಿ ಇಂಗ್ಲಿಷರು ಮನಿಲಾ ಹಿಡಿದು ಸಾನ್ ಅಗುಸ್ಟಿನ್ ದೋಚಿದರು. ಆ ದಂಡು ಹೊರಟಿದ್ದು ನಮ್ಮ ಮದ್ರಾಸಿನಿಂದ. ಜೊತೆ ಹೋಗಿದ್ದ ಸಿಪಾಯಿಗಳಲ್ಲಿ ಕೆಲವರು ವಾಪಸು ಬರಲೇ ಇಲ್ಲ, ಮನಿಲಾ ಪಕ್ಕದ ಕೈಂತಾದಲ್ಲಿ ಸಂಸಾರ ಹೂಡಿದರು. 1945ರ ಯುದ್ಧದಲ್ಲಿ ಕೋಟೆಯೊಳಗಿನ ಏಳು ಚರ್ಚ್‌ಗಳಲ್ಲಿ ಆರು ನೆಲಸಮವಾದವು, ಸಾನ್ ಅಗುಸ್ಟಿನ್ ಒಂದೇ ಉಳಿಯಿತು. ಅದು, ಪಾವಾಯ್, ಮಿಯಾಗಾವ್ ಮತ್ತು ಸಾಂತಾ ಮರಿಯಾ ಎಂಬ ಊರಿನ ಚರ್ಚ್, ಈ ನಾಲ್ಕೂ 1993ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಕೊನೆಗೆ ಆ ಒಂಟಿ ಗಂಟೆ ಗೋಪುರ. ಸ್ಪೇನ್‌ನವರು ಅಲ್ಲೊಂದು ಇಲ್ಲೊಂದು ಇದ್ದ ಗುಡಿಸಲುಗಳನ್ನು ಒಟ್ಟುಗೂಡಿಸಿ ಊರು ಮಾಡಿದರು. ಗಂಟೆ ಕೇಳುವಷ್ಟು ದೂರದಲ್ಲಿ ಮನೆ ಇರಬೇಕು ಅನ್ನುವುದು ಲೆಕ್ಕ. ಅದಕ್ಕೆ 'ಗಂಟೆಯ ಕೆಳಗೆ' ಬದುಕುವುದು ಅಂತಲೇ ಮಾತಿತ್ತು. ಪೂಜೆಗೂ ಗಂಟೆ, ಸಾವಿಗೂ ಗಂಟೆ, ದಾಳಿ ಬಂದರೂ ಗಂಟೆ. ಹಾಗಾಗಿ ಗೋಪುರ ಎತ್ತರ ಇರಲೇಬೇಕು. ಎತ್ತರ ಇದ್ದರೆ ಬೀಳುವ ಭಯ. ಗೋಪುರ ಒಂದು ಲಯದಲ್ಲಿ ತೂಗುತ್ತದೆ, ಗೋಡೆ ಇನ್ನೊಂದರಲ್ಲಿ. ಅಂಟಿಕೊಂಡಿದ್ದರೆ ಒಂದನ್ನೊಂದು ಗುದ್ದುತ್ತವೆ. ಬಿದ್ದರಂತೂ ಗೋಪುರ ನೇರ ಜನರ ತಲೆ ಮೇಲೆ. ಅದಕ್ಕೇ ಪಾವಾಯ್‌ನವರು ಚರ್ಚ್ ಮುಗಿದು ಎಷ್ಟೋ ವರ್ಷದ ಮೇಲೆ ಹವಳದ ಕಲ್ಲಿನಲ್ಲಿ ಮೂರು ಅಂತಸ್ತಿನ ಗೋಪುರ ಕಟ್ಟುವಾಗ ಅದನ್ನು ಬೇಕೆಂದೇ ದೂರ ಇಟ್ಟರು. 1898ರಲ್ಲಿ ಸ್ಪೇನ್ ವಿರುದ್ಧ ಎದ್ದ ಕ್ರಾಂತಿಕಾರಿಗಳು ಅದರ ಮೇಲೆ ನಿಂತು ಕಾವಲು ಕಾದರು. ಎರಡನೇ ಮಹಾಯುದ್ಧದಲ್ಲಿ ಗೆರಿಲ್ಲಾಗಳೂ ಅದೇ ಮೆಟ್ಟಿಲು ಹತ್ತಿದರು.

ಮತ್ತೆ ಹೋದರೆ ಒಂದು ಕೆಲಸ ಮಾಡಿ. ಮುಂಭಾಗದ ಫೋಟೊ ಸಾಕು, ಅದು ಎಲ್ಲರ ಹತ್ತಿರವೂ ಇದೆ. ಬದಿಗೆ ಹೋಗಿ ಗೋಡೆಯ ಹತ್ತಿರ ನಿಂತು ನೋಡಿ. ಕೆಳಗೆ ಹವಳದ ಕಲ್ಲಿನ ದಪ್ಪ ದಿಮ್ಮಿ, ಮೇಲೆ ಹೋದಂತೆ ಇಟ್ಟಿಗೆ. ಆಮೇಲೆ ಮುಂಭಾಗಕ್ಕೆ ಬನ್ನಿ. ಅಲ್ಲಿ ತಿರುಗುಮುರುಗು, ಇಟ್ಟಿಗೆ ಕೆಳಗೆ, ಕಲ್ಲು ಮೇಲೆ. ಯಾಕೆ ಹಾಗೆ ಮಾಡಿದರು ಅಂತ ಮಗಳು ಕೇಳಿದರೆ, ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ ಅಂತ ಹೇಳಿ.